ಬ್ರಾಹ್ಮಿ ಕೊಡಿ ಅಂದರೆ ಯಾವ ಬ್ರಾಹ್ಮಿ?

ಮುಂಬಯಿಯ ದಾದರ್ ಪಶ್ಚಿಮದಲ್ಲಿ ಇಳಿದು ಹೂವಿನ ಮಾರುಕಟ್ಟೆಯ ಕಡೆ ಹೊರಟರೆ, ಗೋಣಿ ಹಾಸಿಕೊಂಡು ದೂರ್ವೆ, ಬಿಲ್ವ, ತುಳಸಿಯ ಜೊತೆ ಒಂದಷ್ಟು ಮದ್ದಿನ ಸೊಪ್ಪನ್ನೂ ಮಾರುವವರು ಸಿಗುತ್ತಾರೆ. ಅಲ್ಲಿ ‘ಬ್ರಾಹ್ಮಿ’ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ನಮ್ಮ ಒಂದೆಲಗ. ಅದೇ ಹೆಸರನ್ನು ಮಲಯಾಳಿಯೊಬ್ಬರ ಬಾಯಲ್ಲಿ ಕೇಳಿದರೆ ಅದು ಬೇರೆ ಗಿಡ, ನೀರುಬ್ರಾಹ್ಮಿ. ಬಂಗಾಳಿಗಳು ‘ಬ್ರಾಹ್ಮಿ ಶಾಕ್’ ಎಂದು ತುಪ್ಪದಲ್ಲಿ ಹುರಿಯುವುದೂ ನೀರುಬ್ರಾಹ್ಮಿಯನ್ನೇ. ಒಂದೆಲಗಕ್ಕೆ ಅವರು ಥಾನ್‌ಕುನಿ ಅನ್ನುತ್ತಾರೆ. ತುಳುವರಿಗೆ ಅದು ತಿಮರೆ, ಕೊಂಕಣಿಗರಿಗೆ ಏಕಪಾನಿ, ತಮಿಳರಿಗೆ ವಲ್ಲಾರೈ. ಮಾಟುಂಗಾದ ಮಾರುಕಟ್ಟೆಯಲ್ಲಿ ಈ ನಾಲ್ಕು ಹೆಸರೂ ಒಂದೇ ಬುಟ್ಟಿಗೆ ಬೀಳುತ್ತವೆ. ಹಾಗಾಗಿ ಅಲ್ಲಿ ತಪ್ಪು ಕಡಿಮೆ, ದಾದರಿನಲ್ಲಿ ಹೆಚ್ಚು.

ಎರಡನ್ನೂ ಬೇರ್ಪಡಿಸುವುದು ಸುಲಭ. ಒಂದೆಲಗ ನೆಲದ ಮೇಲೆ ಹಬ್ಬುವ ಬಳ್ಳಿ. ಗಂಟಿನಿಂದ ಉದ್ದ ದೇಟು ಎದ್ದು, ಅದರ ತುದಿಗೆ ಒಂದೇ ಎಲೆ. ಎಲೆ ದುಂಡಗೆ, ದೇಟು ಸೇರುವಲ್ಲಿ ಸೀಳಿದಂತೆ, ಅಂಚು ಸಣ್ಣ ಅಲೆಅಲೆ. ಉಜ್ಜಿದರೆ ಗಜ್ಜರಿ ಸೊಪ್ಪಿನ ಛಾಯೆಯ ವಾಸನೆ ಬರುತ್ತದೆ, ಎರಡೂ ಒಂದೇ ಕುಟುಂಬದವು. ನೀರುಬ್ರಾಹ್ಮಿಯ ಎಲೆ ಕಿರುಬೆರಳ ಉಗುರಿಗಿಂತ ತುಸು ದೊಡ್ಡದು, ದಪ್ಪ, ರಸಭರಿತ, ಚಮಚದ ಆಕಾರ. ದೇಟೇ ಇಲ್ಲದೆ ಕಾಂಡಕ್ಕೆ ಅಂಟಿಕೊಂಡು ಜೋಡಿ ಜೋಡಿಯಾಗಿ ಬರುತ್ತದೆ. ಕಚ್ಚಿದರೆ ಕಹಿ ಮುಖಕ್ಕೆ ಹೊಡೆಯುತ್ತದೆ. ಒಂದೆಲಗದ ತಂಬುಳಿ ಮಾಡಲು ಹೊರಟು ನೀರುಬ್ರಾಹ್ಮಿ ಹಾಕಿದರೆ ಯಾರೂ ಎರಡನೆಯ ತುತ್ತು ಎತ್ತುವುದಿಲ್ಲ. ಎರಡಕ್ಕೂ ‘ಬುದ್ಧಿಗೆ ಒಳ್ಳೆಯದು’ ಎಂಬ ಕೀರ್ತಿ ಇದೆ. ಗೊಂದಲ ಹುಟ್ಟಿದ್ದೂ ಉಳಿದದ್ದೂ ಅದರಿಂದಲೇ.

ಸಸ್ಯಶಾಸ್ತ್ರದ ಹೆಸರು ಪಂಡಿತರಿಗೆ ಮಾತ್ರ ಎಂದು ನಾವು ಬದಿಗಿಡುತ್ತೇವೆ. ಏಳು ಭಾಷೆಯವರು ಒಂದೇ ಲಿಫ್ಟಿನಲ್ಲಿ ಇಳಿಯುವ ಮುಂಬಯಿಯಲ್ಲಿ ಅದೇ ಹೆಚ್ಚು ಕೆಲಸಕ್ಕೆ ಬರುವ ಭಾಷೆ ಎಂಬುದು ನನ್ನ ಅಭಿಪ್ರಾಯ. ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ, ನೀರುಬ್ರಾಹ್ಮಿ ಬಕೋಪಾ ಮೊನಿಯೆರಿ. ಮದ್ದಿನ ಬಾಟಲಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇದು ಇರುತ್ತದೆ. ಇಲ್ಲದಿದ್ದರೆ ಆ ಬಾಟಲಿ ಕೊಳ್ಳಬೇಡಿ.

ಹೆಸರಿನ ಈ ತಲೆನೋವು ಇಂದಿನದಲ್ಲ. ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯ 1534ರಲ್ಲಿ ಗೋವೆಗೆ ಬಂದ. ಮುಂದೆ ಮುಂಬಯಿ ದ್ವೀಪವನ್ನೇ ಗೇಣಿಗೆ ಪಡೆದಿದ್ದ. ಈಗಿನ ಟೌನ್ ಹಾಲಿನ ಹಿಂಭಾಗದಲ್ಲಿ ಅವನ ಮನೆ ಇತ್ತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಸಂವಾದರೂಪದ ಗ್ರಂಥದಲ್ಲಿ ಒಂದೊಂದು ಮದ್ದಿಗೂ ಅರಬರು ಏನೆನ್ನುತ್ತಾರೆ, ಗುಜರಾತಿಗಳು ಏನೆನ್ನುತ್ತಾರೆ, ಮಲಬಾರಿನವರು ಏನೆನ್ನುತ್ತಾರೆ ಎಂಬ ಜಗ್ಗಾಟಕ್ಕೇ ಬಹಳಷ್ಟು ಪುಟ ಹೋಗಿದೆ. ಇನ್ನೊಂದು ತಮಾಷೆ: ಆ ಕಾಲದ ಪೋರ್ಚುಗೀಸರು ಗೋವೆಯ ಕೊಂಕಣಿಯನ್ನು ‘ಕನಾರಿಂ’ ಎಂದೇ ಕರೆಯುತ್ತಿದ್ದರು. ಥಾಮಸ್ ಸ್ಟೀಫನ್ಸ್ ಬರೆದು 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣದ ಹೆಸರಿನಲ್ಲಿರುವುದೂ ಅದೇ ಪದ. ಆದ್ದರಿಂದ ಹಳೆಯ ಪೋರ್ಚುಗೀಸ್ ಬರಹದಲ್ಲಿ ಗಿಡದ ‘ಕನಾರಿಂ’ ಹೆಸರು ಕಂಡ ಕೂಡಲೇ ಅದು ಕನ್ನಡ ಹೆಸರು ಎಂದು ಹಿಗ್ಗಬೇಕಿಲ್ಲ.

ಒಂದೆಲಗಕ್ಕೆ ಮರಳುತ್ತೇನೆ. ಶ್ರೀಲಂಕಾದವರು ಇದನ್ನು ಸಣ್ಣಗೆ ಹೆಚ್ಚಿ ತೆಂಗಿನತುರಿ, ಈರುಳ್ಳಿ, ನಿಂಬೆರಸ ಹಾಕಿ ಅನ್ನಕ್ಕೆ ಕಲಸುತ್ತಾರೆ, ಅಕ್ಕಿಗಂಜಿಗೂ ಅರೆದು ಹಾಕುತ್ತಾರೆ. ಅಲ್ಲಿ ಅದು ಗೊಟುಕೊಳ. ವಿಯೆಟ್ನಾಮಿನಲ್ಲಿ ಬೀದಿಬದಿಯಲ್ಲೇ ರುಬ್ಬಿ ಸಕ್ಕರೆ ಹಾಕಿ ತಣ್ಣಗೆ ಕುಡಿಯುವ ಪಾನಕ. ಮಡಗಾಸ್ಕರಿನಲ್ಲಿ ಹುಣ್ಣಿಗೂ ಕುಷ್ಠದ ಗಾಯಕ್ಕೂ ಬಳಕೆಯಿತ್ತು. ಅಲ್ಲಿನ ಗಿಡದಿಂದಲೇ 1940ರ ದಶಕದಲ್ಲಿ ಏಷಿಯಾಟಿಕೋಸೈಡ್ ಎಂಬ ಸಾರ ಬೇರ್ಪಡಿಸಿ ಫ್ರಾನ್ಸಿನಲ್ಲಿ ಗಾಯದ ಕಲೆಗೆ ಮುಲಾಮು ಮಾಡಿದರು. ಬುದ್ಧಿಯ ಮಾತಿಗಿಂತ ಚರ್ಮದ ಮಾತಿಗೇ ಆಧಾರ ಗಟ್ಟಿ. ಆದರೆ ಮಕ್ಕಳ ಪರೀಕ್ಷೆಗೆ ಮುಂಚೆ ಚರ್ಮದ ಚಿಂತೆ ಯಾರಿಗಿರುತ್ತದೆ!

ತಂಬುಳಿಗೆ ದೇಟು ಸಮೇತ ಸುಮಾರು 30 ಎಲೆ ಸಾಕು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, 4 ಕಾಳುಮೆಣಸು ಹುರಿದು, ಕೊನೆಗೆ ಎಲೆ ಹಾಕಿ ಬಾಡಿದ ಕೂಡಲೇ ಇಳಿಸಿ. ಕಾಲು ಬಟ್ಟಲು ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿ, ಎರಡು ಲೋಟ ಕಡೆದ ಮಜ್ಜಿಗೆ, ಉಪ್ಪು ಸೇರಿಸಿ ಒಗ್ಗರಣೆ ಕೊಡಿ. ಮತ್ತೆ ಒಲೆಯ ಮೇಲಿಟ್ಟರೆ ಒಡೆಯುತ್ತದೆ. ಎಲೆ ಕಪ್ಪಾಗುವವರೆಗೆ ಹುರಿದರೆ ತಂಬುಳಿಗೆ ಕಷಾಯದ ಬಣ್ಣ, ಒಗರು ಎರಡೂ ಬರುತ್ತವೆ.

ಮುಂಬಯಿಯಲ್ಲಿ ಈ ಸೊಪ್ಪಿನ ನಿಜವಾದ ತೊಡಕು ನೀರು. ಒಂದೆಲಗ ಜವುಗಿನ ಗಿಡ. ರೈಲುಹಳಿಯ ಪಕ್ಕದ ನಾಲೆಯಲ್ಲೂ ಸೊಂಪಾಗಿ ಬೆಳೆಯುತ್ತದೆ, ನೀರಲ್ಲಿರುವ ಸೀಸದಂಥ ಲೋಹವನ್ನೂ ಹೀರಿಕೊಳ್ಳುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಹುಳು, ಮಣ್ಣು ಹೋಗುತ್ತದೆಯೇ ಹೊರತು ಎಲೆಯೊಳಗೆ ಸೇರಿದ ಲೋಹ ಹೋಗದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬಾಲ್ಕನಿಯೇ ಮೇಲು. ನಾಲ್ಕಿಂಚು ಆಳದ ಅಗಲ ಟಬ್, ತಳಕ್ಕೆ ತೂತು, ಅರ್ಧ ಮಣ್ಣು ಅರ್ಧ ಗೊಬ್ಬರ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿ ಗಂಟಿಗೆ ಬೇರು ಮೂಡಿದ ತುಂಡು ಹುಡುಕಿ ಊರಿದರೆ ಸಾಕು. ಬೆಳಗಿನ ಹೊತ್ತು ಮೂರು ತಾಸಿನ ಬಿಸಿಲು ಹಿತ. ಏಪ್ರಿಲ್‌ನ ಪಶ್ಚಿಮದ ಬಿಸಿಲು ಬಿದ್ದರೆ ಎಲೆ ಸಣ್ಣದಾಗಿ ಹಳದಿಗೆ ತಿರುಗುತ್ತದೆ, ಆಗ ಬೇರೆ ಕುಂಡದ ನೆರಳಿಗೆ ಸರಿಸಿ. ಮೊದಲ ಒಂದೆರಡು ಕೊಯ್ಲು ಬಿಟ್ಟು ಆಮೇಲೆ ಬಂದ ಹೊಸ ಎಲೆ ಬಳಸಿ.

ಅಮೃತಬಳ್ಳಿಯ ವಿಷಯ ಇಷ್ಟು ಹಗುರವಲ್ಲ. ಮರಾಠಿಯಲ್ಲಿ ಗುಳವೇಲ್, ಹಿಂದಿಯಲ್ಲಿ ಗಿಲೋಯ್. ಕೋವಿಡ್ ಕಾಲದಲ್ಲಿ ಸೊಸೈಟಿಯ ಕಾಂಪೌಂಡಿಗೆ ಹಬ್ಬಿದ ಬಳ್ಳಿಯನ್ನೆಲ್ಲ ಕಡಿದು ಕುದಿಸಿ ಕುಡಿದದ್ದಾಯಿತು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನ ನಡುವೆ ಹೀಗೆ ಕುಡಿದು ಲಿವರ್ ಕೆಟ್ಟು ಕಾಮಾಲೆಯೊಂದಿಗೆ ಬಂದ ಆರು ರೋಗಿಗಳ ಬಗ್ಗೆ ಮುಂಬಯಿಯ ವೈದ್ಯರು ಮರುವರ್ಷ ವರದಿ ಪ್ರಕಟಿಸಿದರು. ಆಯುಷ್ ಮಂತ್ರಾಲಯದ ಉತ್ತರ: ಅಮೃತಬಳ್ಳಿ ಸುರಕ್ಷಿತ, ಅದರಂತೆಯೇ ಕಾಣುವ ಟೈನೋಸ್ಪೋರಾ ಕ್ರಿಸ್ಪಾ ಅಪಾಯಕಾರಿ, ನೋಡಿ ಕೊಳ್ಳಿ. ಎರಡು ಕಡೆಯವರ ವಾದ ಇನ್ನೂ ಮುಗಿದಿಲ್ಲ. ಆದರೆ ಗುರುತು ಹಿಡಿಯುವುದು ನಮ್ಮ ಕೈಯಲ್ಲೇ ಇದೆ.

ಅಮೃತಬಳ್ಳಿಯ ಎಳೆ ಕಾಂಡ ಹಸಿರು. ಬಲಿತ ಮೇಲೆ ತೆಳು ಕಾಗದದಂಥ ಸಿಪ್ಪೆ ಸುಲಿಯುತ್ತದೆ, ಉಗುರಿನಲ್ಲಿ ಕೆರೆದರೆ ಒಳಗೆ ಹಸಿರು ಕಾಣುತ್ತದೆ. ಮರದಿಂದ ದಾರದಂಥ ಬೇರು ಇಳಿಬೀಳುತ್ತವೆ. ಕತ್ತರಿಸಿದರೆ ಹಾಲಿನಂಥ ರಸ ಬರುವುದಿಲ್ಲ. ಹಣ್ಣು ಗುಂಡಗೆ, ಕೆಂಪು. ಕ್ರಿಸ್ಪಾದ ಕಾಂಡ ಬೂದುಬಣ್ಣದ್ದು, ತುಂಬ ಗಂಟುಗಂಟು, ನರಹುಲಿ ಎದ್ದಂತೆ. ಕತ್ತರಿಸಿದರೆ ಹಾಲುಬಣ್ಣದ ರಸ. ಹಣ್ಣು ಉದ್ದುದ್ದ, ಕಿತ್ತಳೆ ಬಣ್ಣ. ಫಿಲಿಪ್ಪೀನ್ಸಿನಲ್ಲಿ ಮಕಬುಹಾಯ್, ಇಂಡೋನೇಷ್ಯಾದಲ್ಲಿ ಬ್ರೊತೊವಾಲಿ, ಥಾಯ್ಲೆಂಡಿನಲ್ಲಿ ಬೊರಾಪೆಟ್ ಎಂದು ಮದ್ದಾಗಿ ಬಳಸುವುದು ಈ ಕ್ರಿಸ್ಪಾವನ್ನೇ. ಅಲ್ಲಿ ನಡೆಯುತ್ತದೆ ಎಂಬ ಕಾರಣಕ್ಕೆ ಇಲ್ಲಿ ಅಮೃತಬಳ್ಳಿಯ ಅಳತೆಯಲ್ಲಿ ಅದನ್ನು ಕುಡಿಯುವಂತಿಲ್ಲ. ಎಲೆ ನೋಡಿ ತೀರ್ಮಾನಿಸಲು ಹೋಗಬೇಡಿ, ಎರಡರದ್ದೂ ಹೃದಯದಾಕಾರವೇ.

ಮದ್ದಿಗೆ ಬೇಕಾದದ್ದು ಕಾಂಡ, ಅದರಲ್ಲೂ ಹೆಬ್ಬೆರಳ ದಪ್ಪಕ್ಕೆ ಬಲಿತದ್ದು. ಆಯುರ್ವೇದದ ಅಧಿಕೃತ ಫಾರ್ಮಕೋಪಿಯಾ, ಅಂದರೆ ಮದ್ದುಗಳ ಗುಣಮಟ್ಟ ಹೇಳುವ ಗ್ರಂಥ, ಒಣಪುಡಿಗೆ ದಿನಕ್ಕೆ 3ರಿಂದ 6 ಗ್ರಾಂ ಎಂದು ಹೇಳುತ್ತದೆ. ಆರು ತಿಂಗಳು ನಿತ್ಯ ಲೋಟಗಟ್ಟಲೆ ಕುಡಿಯಿರಿ ಎಂದು ಹೇಳಿದ್ದು ವಾಟ್ಸಾಪ್. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಇದರಿಂದ ಸಕ್ಕರೆ ಇನ್ನೂ ಇಳಿಯಬಹುದು. ಥೈರಾಯ್ಡ್, ಸಂಧಿವಾತದಂಥ ಸ್ವಯಂನಿರೋಧಕ ತೊಂದರೆ ಇರುವವರು ಮುಟ್ಟದಿರುವುದೇ ಲೇಸು. ಮೂತ್ರ ಕಡುಹಳದಿಯಾಯಿತು, ಊಟ ಸೇರುತ್ತಿಲ್ಲ ಅಂದರೆ ಕಷಾಯವನ್ನು ಆ ದಿನವೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಬೇಕು. ವೈದ್ಯರ ಮುಂದೆ ‘ಬೇರೇನೂ ತಗೊಂಡಿಲ್ಲ, ಬರೀ ಕಷಾಯ’ ಎಂದು ಹೇಳುವುದೂ ಹೇಳಿದಂತೆಯೇ, ಆದರೆ ಆ ‘ಬರೀ’ ತೆಗೆದು ಹೇಳಿ.

ಜ್ಯೇಷ್ಠಮಧು ಎಲ್ಲರಿಗೂ ಗೊತ್ತು, ಗಂಟಲು ಕೆಟ್ಟರೆ ಕಡ್ಡಿ ಚೀಪುತ್ತೇವೆ. ಚೀನಾದ ಸಾಂಪ್ರದಾಯಿಕ ಮದ್ದಿನ ಮಿಶ್ರಣಗಳಲ್ಲಿ ಇದಿಲ್ಲದ್ದೇ ಕಡಿಮೆ. ಈಜಿಪ್ಟಿನಲ್ಲಿ ರಂಜಾನಿಗೆ ಇದರ ಪಾನಕ, ಹಾಲೆಂಡಿನಲ್ಲಿ ಕರಿ ಮಿಠಾಯಿ. ಇದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಷಿಯಂ ಹೊರಹಾಕಿಸುತ್ತದೆ, ರಕ್ತದೊತ್ತಡ ಏರುತ್ತದೆ. ಯುರೋಪಿನಲ್ಲಿ ನಿತ್ಯಬಳಕೆಗೆ ದಿನಕ್ಕೆ 100 ಮಿಲಿಗ್ರಾಂ ಮೀರಬೇಡಿ ಎಂಬ ಸಲಹೆ ಇದೆ. ಅಲ್ಲಿನ ಫಾರ್ಮಕೋಪಿಯಾ ಪ್ರಕಾರ ಒಳ್ಳೆಯ ಬೇರಿನಲ್ಲಿ ಅದು ಕನಿಷ್ಠ ಶೇ. 4 ಇರಬೇಕು. ಲೆಕ್ಕ ಹಾಕಿದರೆ ಎರಡೂವರೆ ಗ್ರಾಂ ಪುಡಿಗೇ, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚಕ್ಕೇ, ಆ ಮಿತಿ ಮುಟ್ಟಿತು. ನೆಗಡಿಗೆ ನಾಲ್ಕು ದಿನ ಚೀಪುವುದು ಬೇರೆ, ಆಸಿಡಿಟಿಗೆಂದು ತಿಂಗಳುಗಟ್ಟಲೆ ಹಾಲಿಗೆ ಹಾಕಿ ಕುಡಿಯುವುದು ಬೇರೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಎರಡನೆಯದನ್ನು ಮಾಡಲೇಬಾರದು.

ಇದಕ್ಕೆ ಕಲಬೆರಕೆಯಾಗಿ ಬರುವುದು ಗುಲಗಂಜಿಯ ಬೇರು. ಮುಂಬಯಿಯ ಪಾನ್ ಅಂಗಡಿಗಳಲ್ಲಿ ‘ಗುಂಜೇಚಾ ಪಾಲಾ’ ಎಂದು ಒಣಗಿಸಿದ ಪುಟ್ಟ ಸಿಹಿ ಎಲೆ ಹಾಕುತ್ತಾರಲ್ಲ, ಅದು ಈ ಬಳ್ಳಿಯದೇ. ಬಾಯಿಹುಣ್ಣಿಗೂ ಅಗಿಯುತ್ತಾರೆ. ಎಲೆಗೆ ಹೆದರಬೇಕಿಲ್ಲ. ಆದರೆ ಕೆಂಪಿಗೆ ಕಪ್ಪು ಕಣ್ಣಿನ ಆ ಕಾಳಿನಲ್ಲಿ ಅಬ್ರಿನ್ ಎಂಬ ಘೋರ ವಿಷವಿದೆ. ಇಡೀ ನುಂಗಿದ ಕಾಳು ಹಾಗೇ ಹೊರಹೋಗುವುದುಂಟು, ಒಡೆದದ್ದು ಅಥವಾ ಜಗಿದದ್ದು ಕೊಲ್ಲಬಲ್ಲದು. ಒಂದೇ ಬಳ್ಳಿಯ ಎಲೆ ಬೀಡಾಕ್ಕೆ, ಕಾಳು ಸ್ಮಶಾನಕ್ಕೆ. ‘ಇಂಥ ಗಿಡ ಒಳ್ಳೆಯದು’ ಎಂಬ ಮಾತಿನಲ್ಲಿ ಯಾವ ಭಾಗ ಎಂದು ಹೇಳದಿದ್ದರೆ ಏನೂ ಹೇಳಿದಂತಲ್ಲ.

ಭಾಗ ಸರಿಯಾದರೂ ಮಾಡುವ ಬಗೆ ತಪ್ಪಿದರೆ ಅಷ್ಟೇ. ಚೀನಾದ ಗೆ ಹೊಂಗ್ 4ನೇ ಶತಮಾನದಲ್ಲಿ ಚಳಿಜ್ವರಕ್ಕೆ ಬರೆದ ಮದ್ದು ಹೀಗಿದೆ: ಒಂದು ಹಿಡಿ ಚಿಂಗ್‌ಹಾವ್ ಸೊಪ್ಪನ್ನು ಎರಡು ಶೆಂಗ್ (ಹಳೆಯ ಚೀನೀ ಅಳತೆ) ನೀರಿನಲ್ಲಿ ನೆನೆಸಿ, ಹಿಂಡಿ, ಆ ರಸ ಪೂರ್ತಿ ಕುಡಿ. ಕುದಿಸು ಎಂಬ ಮಾತೇ ಇಲ್ಲ. ನಮ್ಮ ಕಾಲದ ಚೀನೀ ವಿಜ್ಞಾನಿ ತು ಯೂಯೂ ಅವರ ತಂಡಕ್ಕೆ ಬಿಸಿ ಮಾಡಿ ತೆಗೆದ ಸಾರದಲ್ಲಿ ಒಮ್ಮೆ ಫಲ, ಒಮ್ಮೆ ಸೊನ್ನೆ ಆಗುತ್ತಿತ್ತು. ಈ ಸಾಲು ಓದಿದ ಮೇಲೆ 35 ಡಿಗ್ರಿಗೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೇ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿ ಅಳಿಸಿತು. ಅದರಿಂದ ಬೇರ್ಪಡಿಸಿದ್ದೇ ಆರ್ಟಿಮಿಸಿನಿನ್, 2015ರಲ್ಲಿ ಅದಕ್ಕೆ ನೊಬೆಲ್. ನಮ್ಮ ದವನವೂ ಆ ಕುಲದ ಗಿಡವೇ ಎಂದು ದಾದರಿನ ದವನದ ಕಟ್ಟು ತಂದು ಹಿಂಡಬೇಡಿ. ಕುಲ ಒಂದಾದರೆ ಗುಣ ಒಂದಾಗುವುದಿಲ್ಲ. ಆ ಚೀನೀ ಸೊಪ್ಪಿನ ಚಹಾ ಕುಡಿದು ಮಲೇರಿಯಾ ವಾಸಿ ಮಾಡಿಕೊಳ್ಳುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ, ಎಲೆಯಲ್ಲಿ ಎಷ್ಟಿದೆ ಎಂಬುದು ಗಿಡದಿಂದ ಗಿಡಕ್ಕೆ ಬೇರೆ.

ಆಯುರ್ವೇದದಲ್ಲಿ ಈ ವಿವೇಕಕ್ಕೆ ಐದು ಹೆಸರಿವೆ: ಸ್ವರಸ (ಹಿಂಡಿದ ರಸ), ಕಲ್ಕ (ಅರೆದ ಮುದ್ದೆ), ಕ್ವಾಥ (ಕುದಿಸಿ ಇಳಿಸಿದ್ದು), ಹಿಮ, ಫಾಂಟ. ನಾವು ಮಾತ್ರ ಎಲ್ಲವನ್ನೂ ‘ಕಷಾಯ’ ಎಂದು ಕುದಿಸಿ ಕೂರುತ್ತೇವೆ. ತೊಗಟೆ, ಬೇರು, ಒಣಕಾಯಿಗೆ ಕ್ವಾಥ. ಆಯುರ್ವೇದ ಗ್ರಂಥಕಾರ ಶಾರ್ಙ್ಗಧರನ ಅಳತೆ ಒಂದು ಪಾಲು ಮದ್ದಿಗೆ ಹದಿನಾರು ಪಾಲು ನೀರು, ಎಂಟನೇ ಒಂದು ಭಾಗಕ್ಕೆ ಇಳಿಸುವುದು. ಅಂದರೆ 10 ಗ್ರಾಂ ತರಿತರಿ ಪುಡಿಗೆ 160 ಮಿಲಿ ನೀರು, ಉಳಿಯಬೇಕಾದದ್ದು 20 ಮಿಲಿ. ಸಣ್ಣ ಉರಿ, ಮುಚ್ಚಳವಿಲ್ಲದ ಪಾತ್ರೆ. ಹಿಟ್ಟಿನಂತೆ ನುಣ್ಣಗೆ ಕುಟ್ಟಿದರೆ ತಳ ಹಿಡಿದು ಸೀಯುತ್ತದೆ, ಸೋಸಲೂ ಬರುವುದಿಲ್ಲ. ಹಿಮಕ್ಕೆ ಒಂದಕ್ಕೆ ಆರು ಪಾಲು ತಣ್ಣೀರು, ರಾತ್ರಿಯಿಡೀ ನೆನೆ. ಲಾವಂಚ, ಕೊತ್ತಂಬರಿ ಬೀಜಕ್ಕೆ ಇದೇ ಸರಿ. ಫಾಂಟ ಎಂದರೆ ಒಂದಕ್ಕೆ ನಾಲ್ಕು ಪಾಲು ಬಿಸಿನೀರು ಸುರಿದು ಮುಚ್ಚಿಟ್ಟು ಸೋಸುವುದು. ತುಳಸಿ, ಮಜ್ಜಿಗೆಹುಲ್ಲಿಗೆ ಇದು. ಮರಾಠಿಗರ ಗವತಿ ಚಹಾ ಎಂದರೆ ಈ ಮಜ್ಜಿಗೆಹುಲ್ಲೇ. ಚಹಾಪುಡಿಯ ಜೊತೆ ಹತ್ತು ನಿಮಿಷ ಕುದಿಸಿದರೆ ಪರಿಮಳ ಅಡುಗೆಮನೆಗೆ, ಹುಲ್ಲಿನ ನೀರು ಲೋಟಕ್ಕೆ. ಒಲೆ ಆರಿಸಿದ ಮೇಲೆ ಹುಲ್ಲು ಹಾಕಿ ಐದು ನಿಮಿಷ ಮುಚ್ಚಿಡಿ. ಪಾತ್ರೆ ಸ್ಟೀಲಿನದಿರಲಿ. ಅಳಲೆಕಾಯಿಯಂಥ ಒಗರು ಕಬ್ಬಿಣದಲ್ಲಿ ಕಪ್ಪಾಗುತ್ತದೆ, ಪುನರ್ಪುಳಿಯ ಹುಳಿ ಅಲ್ಯೂಮಿನಿಯಂ ತಿನ್ನುತ್ತದೆ.

ದೊಡ್ಡಪತ್ರೆ ಸ್ವರಸದ ಗಿಡ. ಎರಡು ಎಲೆ ಬೆಂಕಿಗೆ ಹಿಡಿದು ಬಾಡಿಸಿ ಹಿಂಡಿದರೆ ಒಂದು ಚಮಚ ರಸ, ಅದಕ್ಕೆ ಅಷ್ಟೇ ಜೇನು. ಬಾಡಿಸದೆ ಹಿಂಡಿದರೆ ರಸ ಬಿಡುವುದಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡ, ಬಾಟುಲಿಸಂ ಎಂಬ ವಿಷಬಾಧೆಯ ಅಪಾಯ ಇದೆ. ಫಿಲಿಪ್ಪೀನ್ಸಿನಲ್ಲೂ ಕೆಮ್ಮಿಗೆ ಇದೇ ಎಲೆ. ಸುಮಾತ್ರಾದ ಬಟಕ್ ಜನ ಬಾಣಂತಿಗೆ ಹಾಲು ಹೆಚ್ಚಲೆಂದು ಇದರ ಸಾರು ಕುಡಿಸುತ್ತಾರೆ. ಮರಾಠಿಯಲ್ಲಿ ಪಾನ್‌ಓವಾ ಅನ್ನುವುದರಿಂದ ಓಮಕಾಳು ಈ ಗಿಡದ್ದೇ ಎಂದು ನಂಬಿದವರು ಬಹಳ. ಅಲ್ಲ. ಓಮದ ಗಿಡ ಜೀರಿಗೆಯ ಬಳಗದ್ದು, ವಾಸನೆ ಮಾತ್ರ ಹೋಲುತ್ತದೆ.

ಅಳತೆಯ ಮಾತು ಬಂದಾಗ ಮರಾಠಿ ಮನೆಗಳಲ್ಲಿ ಹಸುಗೂಸಿಗೆ ತೇಯ್ದು ಕೊಡುವ ಬಾಳಗುಟಿಯನ್ನು ನೆನೆಯಲೇಬೇಕು. ನಮ್ಮಲ್ಲಿ ಬಜೆ ತೇಯುವಂತೆಯೇ, ಆದರೆ ಇಡೀ ಒಂದು ಸೆಟ್: ವೇಖಂಡ ಅಂದರೆ ಬಜೆ, ಹಿರಡಾ ಅಂದರೆ ಅಳಲೆ, ಜಾಯಿಕಾಯಿ, ಅರಿಸಿನಕೊಂಬು, ಜ್ಯೇಷ್ಠಮಧು, ಮುರುಡಶೇಂಗ್ ಅಂದರೆ ನಮ್ಮ ಎಡಮುರಿ. ಸಾಣೆಕಲ್ಲಿನ ಮೇಲೆ ತಾಯಿಹಾಲು ಹಾಕಿ ಒಂದೊಂದನ್ನೂ ಇಷ್ಟು ಸುತ್ತು ಎಂದು ಎಣಿಸಿ ತೇಯುತ್ತಾರೆ. ತಕ್ಕಡಿ ಇಲ್ಲದ ಮನೆಯಲ್ಲಿ ಸುತ್ತೇ ಅಳತೆ. ಬಳಕೆಯ ಜಾಣತನ ಮೆಚ್ಚಬೇಕಾದ್ದೇ. ಎಡಮುರಿಯ ಕತೆ ಇನ್ನೂ ಸೊಗಸು. ಹಗ್ಗದಂತೆ ತಿರುಚಿಕೊಂಡ ಕಾಯಿ, ಆದ್ದರಿಂದ ಕರುಳು ತಿರುಚಿದ ನೋವಿಗೆ ಮದ್ದು. ಮರಾಠಿಯ ‘ಮುರುಡ’ ಎಂದರೆ ಹೊಟ್ಟೆನುಲಿತವೇ. ಯುರೋಪಿನವರು ಅಕ್ರೋಟು ಮಿದುಳಿನಂತಿದೆ, ಮಿದುಳಿಗೆ ಒಳ್ಳೆಯದು ಎಂದು ನಂಬಿದ ರೀತಿಯೇ ಇದು.

ಆದರೂ ಈಗ ಹಸುಗೂಸಿಗೆ ಇದನ್ನು ಕೊಡಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆರು ತಿಂಗಳವರೆಗೆ ತಾಯಿಹಾಲು ಮಾತ್ರ. ಭಾರತದ ಬಜೆಯಲ್ಲಿ ಬೀಟಾ-ಅಸರೋನ್ ಎಂಬ ರಾಸಾಯನಿಕ ಹೆಚ್ಚು. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವುದೆಂದು ಕಂಡು ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಉತ್ತರ ಅಮೆರಿಕದ ಮೂಲನಿವಾಸಿಗಳು ಅಗಿಯುವ ಬಜೆ ಬೇರೆ ಜಾತಿ, ಅದರಲ್ಲಿ ಈ ಅಂಶವಿಲ್ಲ. ಜಾಯಿಕಾಯಿ ಎರಡು ಸುತ್ತು ಹೆಚ್ಚಾದರೆ ಮಗು ನಿದ್ದೆ ಹೋಗುತ್ತದೆ, ಎಲ್ಲರೂ ಮದ್ದು ಫಲಿಸಿತು ಅನ್ನುತ್ತಾರೆ. ಅದು ಮಂಪರು. ಇನ್ನು ಮುಂಬಯಿಯ ಜುಲೈಯಲ್ಲಿ ಡಬ್ಬಿಯೊಳಗಿನ ಈ ಬೇರುಗಳಿಗೆ ಬೂಷ್ಟು ಹಿಡಿಯದೆ ಇರುವುದೇ ಇಲ್ಲ. ತೊಳೆದರೆ ಬೂಷ್ಟಿನ ವಿಷ ಹೋಗದು. ಒಣ ಮದ್ದು ಯಾವುದಿದ್ದರೂ ಮೇ ತಿಂಗಳಲ್ಲಿ ಒಣಗಿಸಿ ಗಾಜಿನ ಭರಣಿಗೆ ಹಾಕಿ, ಪುಡಿ ಕೊಳ್ಳದೆ ಇಡಿಯಾಗಿ ಕೊಂಡು, ವರ್ಷಕ್ಕೆ ಮುಗಿಯುವಷ್ಟೇ ಇಟ್ಟುಕೊಳ್ಳಿ.

ಕೊನೆಗೆ ಹಾಲೆಮರ. ಮುಂಬಯಿಯ ತುಳುವರಿಗೆ ಆಟಿ ಅಮಾವಾಸ್ಯೆಯೆಂದರೆ ಪಾಲೆದ ಕೆತ್ತೆಯ, ಅಂದರೆ ಹಾಲೆಯ ತೊಗಟೆಯ ಕಷಾಯ. ಜುಲೈ-ಆಗಸ್ಟಿನಲ್ಲಿ ಬರುವ ಆ ದಿನ ಸೂರ್ಯೋದಯಕ್ಕೆ ಮುಂಚೆ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು, ಓಮ, ಕಾಳುಮೆಣಸು, ಬೆಳ್ಳುಳ್ಳಿ, ಜೀರಿಗೆಯ ಜೊತೆ ಅರೆದು ಹಿಂಡುತ್ತಾರೆ. ಬೆಣಚುಕಲ್ಲನ್ನು ಕೆಂಡದಲ್ಲಿ ಕಾಯಿಸಿ ಆ ರಸಕ್ಕೆ ಹಾಕಿದರೆ ಅದೇ ಒಗ್ಗರಣೆ. ಖಾಲಿ ಹೊಟ್ಟೆಗೆ ಕಾಫಿ ಲೋಟದ ಕಾಲು ಭಾಗ, ಆಮೇಲೆ ಅಕ್ಕಿ, ಮೆಂತೆ, ತೆಂಗಿನಹಾಲು, ಬೆಲ್ಲದ ಗಂಜಿ. ಕಷಾಯ ಉಷ್ಣ, ಮೆಂತೆ ತಂಪು ಎಂಬ ಲೆಕ್ಕ. ಖಾಲಿ ಹೊಟ್ಟೆ ಉರಿಯದಿರಲು ಗಂಜಿ ಹೇಗೂ ಒಳ್ಳೆಯದು.

ಈ ಮರ ಹಲವು ನಾಡುಗಳಲ್ಲಿ ಜ್ವರದ ಮರ. ಫಿಲಿಪ್ಪೀನ್ಸಿನಲ್ಲಿ ಇದು ದಿತಾ. 19ನೇ ಶತಮಾನದ ಮನಿಲಾದಲ್ಲಿ ಇದರ ಸಾರವನ್ನು ಕ್ವಿನೈನಿಗೆ ಬದಲಾಗಿ ಕೊಡುತ್ತಿದ್ದರು. ಮುಂದಿನ ಪರೀಕ್ಷೆಗಳಲ್ಲಿ ಮಲೇರಿಯಾದ ಮೇಲೆ ಅದು ಕ್ವಿನೈನಿನ ಹತ್ತಿರಕ್ಕೂ ಬರಲಿಲ್ಲ. ಆಟಿಯ ಕಷಾಯವನ್ನು ಆಚರಣೆಯಾಗಿ ಕುಡಿಯಿರಿ, ಮಳೆಗಾಲದ ಜ್ವರ ಬಂದಮೇಲೆ ಕುಡಿಯಬೇಡಿ. ಮಲೇರಿಯಾ, ಡೆಂಗ್ಯೂ, ಲೆಪ್ಟೋ (ಇಲಿಜ್ವರ) ಮೂರೂ ಈ ಊರಿನಲ್ಲಿವೆ, ರಕ್ತಪರೀಕ್ಷೆಯೇ ದಾರಿ. ಮಲಯಾಳಿಗಳಿಗೆ ಇದು ಯಕ್ಷಿ ಕೂರುವ ಏಳಿಲಂಪಾಲ. ಬಂಗಾಳಿಗಳಿಗೆ ಛಾತಿಮ್, ಶಾಂತಿನಿಕೇತನದ ಘಟಿಕೋತ್ಸವದಲ್ಲಿ ಹಿಂದೆ ಪದವೀಧರರ ಕೈಗೆ ಇದರ ಎಲೆ ಕೊಡುತ್ತಿದ್ದರು. ಮರಾಠಿಯಲ್ಲಿ ಸಾತವೀಣ್. ಇದರ ಹಲಗೆಯಿಂದ ಬರೆಯುವ ಪಾಟಿ ಮಾಡುತ್ತಿದ್ದುದಕ್ಕೇ ‘ಸ್ಕೊಲಾರಿಸ್’ ಎಂಬ ಲ್ಯಾಟಿನ್ ಹೆಸರು.

ಅಪಾಯ ಇರುವುದು ಕತ್ತಲಲ್ಲಿ. ಊರಿನಲ್ಲಿ ಹಾಲೆಯೆಂದು ಕಾಸರಕದ ತೊಗಟೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್, ಬ್ರೂಸಿನ್. ಮೈ ಸೆಟೆದು ಉಸಿರು ನಿಲ್ಲಬಹುದು. ಗುರುತು ಸರಳ: ಹಾಲೆಯ ಒಂದು ಗಂಟಿನಲ್ಲಿ ಎಲೆಗಳು ಐದರಿಂದ ಎಂಟು, ಹೆಚ್ಚಾಗಿ ಏಳು, ಕೊಡೆಯಂತೆ ಸುತ್ತಲೂ ಹರಡಿರುತ್ತವೆ. ಎಲೆ ಮುರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ್ದು ಎದುರುಬದುರು ಎರಡೇ ಎಲೆ, ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತವೆ, ಹಾಲು ಇಲ್ಲ, ಹಣ್ಣು ಕಿತ್ತಳೆ ಬಣ್ಣದ ಚೆಂಡು. ಹಾಲು ಬಂತು ಎಂಬುದೊಂದನ್ನೇ ನೆಚ್ಚಬೇಡಿ, ಕಣಗಿಲೆಯ ಬಳಗದಲ್ಲಿ ಹಾಲು ಸುರಿಸುವ ವಿಷದ ಗಿಡಗಳು ಬೇಕಾದಷ್ಟಿವೆ. ಏಳೆಲೆಯ ಸುತ್ತು ಮತ್ತು ಹಾಲು ಎರಡೂ ಇರಬೇಕು. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ಕಿಡ್ನಿ-ಲಿವರ್ ತೊಂದರೆ ಇರುವವರಿಗೆ ಸರಿಯಾದ ತೊಗಟೆಯೂ ಬೇಡ.

ಮುಂಬಯಿಯಲ್ಲಿ ಹಾಲೆ ಸಾಲುಮರವಾಗಿ ಬೇಕಾದಷ್ಟಿದೆ. ಆದರೆ ರಸ್ತೆಬದಿಯ ಮರದ ತೊಗಟೆ ತೆಗೆಯುವಂತಿಲ್ಲ, ಮಹಾರಾಷ್ಟ್ರದ 1975ರ ವೃಕ್ಷರಕ್ಷಣೆ ಕಾಯಿದೆಯಡಿ ಮರಕ್ಕೆ ಹಾನಿ ಮಾಡುವುದು ಅಪರಾಧ. ಅದಲ್ಲದೆ ಕಾಂಡಕ್ಕೆ ಬಳಿದ ಬಣ್ಣ, ಹೊಗೆಯ ಮಸಿ ಎಲ್ಲ ಆ ತೊಗಟೆಯಲ್ಲೇ ಇದೆ. ಸೊಸೈಟಿಯ ಒಳಗಿನ ಮರವಾದರೂ ಒಪ್ಪಿಗೆ ಪಡೆದು, ಉದ್ದುದ್ದಕ್ಕೆ ಅಂಗೈಯಗಲ ಮಾತ್ರ ತೆಗೆಯಿರಿ. ಕಾಂಡದ ಸುತ್ತ ಉಂಗುರದಂತೆ ಸುಲಿದರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯದೆ ಮರ ಸಾಯುತ್ತದೆ. ಮರವನ್ನು ಅಮಾವಾಸ್ಯೆಯ ಹಿಂದಿನ ಸಂಜೆ ಟಾರ್ಚು ಹಿಡಿದು ಹುಡುಕುವ ಬದಲು ಅಕ್ಟೋಬರ್-ನವೆಂಬರಿನಲ್ಲೇ ಗೊತ್ತು ಮಾಡಿಡುವುದು ಸುಲಭ. ಆಗ ಸಂಜೆ ಏಳರ ಮೇಲೆ ಹಸಿರುಬಿಳಿ ಹೂಗೊಂಚಲಿನ ತಲೆಸುತ್ತುವ ವಾಸನೆ ಇಡೀ ಬೀದಿಗೆ ಹೊಡೆಯುತ್ತದೆ. ಆ ವಾಸನೆಯ ಬುಡಕ್ಕೆ ಹೋಗಿ ನಿಂತು ಏಳೆಲೆ ಎಣಿಸಿ, ಕೊಂಬೆಗೆ ಒಂದು ನೂಲು ಕಟ್ಟಿ ಬನ್ನಿ.